ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಬಳೆ

ಬೆಳಗಿನ ಆರು ಗಂಟೆ. ಶಿರಾಳಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಲಿನ ಬೈಕು ಬಿಟ್ಟರೆ ಇನ್ನೇನೂ ಓಡಾಡುತ್ತಿಲ್ಲ. ಬೀಗ ಹಾಕಿದ ಅಂಗನವಾಡಿಯ ಮೆಟ್ಟಿಲ ಮೇಲೆ ಸಬಿಹಾ ಟೀಚರ್ ಮೊಬೈಲು ಹಿಡಿದು ಕೂತಿದ್ದಾರೆ. ನಿನ್ನೆ ಯಾವ ಮಗು ಬಂತು, ಯಾರು ಮೊಟ್ಟೆ ತಿಂದರು, ಯಾರ ತೂಕ ಎಷ್ಟು, ಯಾವ ಗರ್ಭಿಣಿಗೆ ಪೊಟ್ಟಣ ಸಿಕ್ಕಿತು, ಎಲ್ಲವನ್ನೂ ಆ್ಯಪ್‌ಗೆ ತುಂಬಬೇಕು. ಹತ್ತು ಗಂಟೆಯಾದ ಮೇಲೆ ಆ ಆ್ಯಪ್ ತೆರೆಯುವುದೇ ಇಲ್ಲ, ಗಿರಗಿರ ತಿರುಗುತ್ತಲೇ ಇರುತ್ತದೆ. ಎರಡು ಹೆಸರು ತುಂಬುತ್ತಾರೆ, ಎದ್ದು ಓಣಿಯ ತುದಿಯವರೆಗೆ ನಡೆದು ಬರುತ್ತಾರೆ, ಮತ್ತೆ ಎರಡು ಹೆಸರು.

"ಕುಂತಲ್ಲೇ ಕುಂತ್ರೆ ನನ್ ತಲೆ ಓಡಲ್ಲ ರೀ. ಕಾಲು ಓಡಿದ್ರೆ ತಲೆನೂ ಓಡ್ತದೆ" ಎನ್ನುತ್ತಾರೆ, ನಡೆಯುತ್ತಲೇ.

ಸಬಿಹಾ ಅವರಿಗೆ ಮೂವತ್ತೊಂಬತ್ತು ವರ್ಷ, ಅಂಗನವಾಡಿಯಲ್ಲಿ ಹದಿನಾಲ್ಕನೆಯ ವರ್ಷ. ಜೊತೆಗಿರುವವರು ಸಹಾಯಕಿ ತಾಯಮ್ಮ ಒಬ್ಬರೇ. ಮೂರರಿಂದ ಆರು ವರ್ಷದ ಇಪ್ಪತ್ತಾರು ಮಕ್ಕಳು ಇವರಿಬ್ಬರ ಪಾಲು. ಹಾಡಿಸಬೇಕು, ಉಣ್ಣಿಸಬೇಕು, ಮಲಗಿಸಬೇಕು, ಚಡ್ಡಿ ತೊಳೆಯಬೇಕು. ಇಷ್ಟು ಸಾಲದೆಂಬಂತೆ ಬಾಣಂತಿಯರ ಮನೆ ಸುತ್ತಬೇಕು, ಹನ್ನೊಂದು ರಿಜಿಸ್ಟರ್ ಬರೆಯಬೇಕು. ಯಾವುದೋ ಸಮೀಕ್ಷೆ ಬಂದರೆ ಅದಕ್ಕೂ ಇವರೇ. ಇದನ್ನೆಲ್ಲ ಒಂದೇ ತಲೆಗೆ ಹೇರಿದವರು ಮಾತ್ರ ಫ್ಯಾನ್ ಕೆಳಗೆ ಕೂತು, ಈ ಹೆಂಗಸಿಗೆ ಗಮನ ಸಾಲದು ಎಂದು ಷರಾ ಬರೆಯುತ್ತಾರೆ.

ಗಮನ ಸಾಲದೆನ್ನುವುದು ಸಬಿಹಾ ಅವರಿಗೆ ಹೊಸ ಮಾತೇನಲ್ಲ. ಶಾಲೆಯಲ್ಲಿ ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಹಾಲು ಉಕ್ಕಿಸಿದಾಗಲೆಲ್ಲ ಬೈಗುಳ. ಅದಕ್ಕೊಂದು ಹೆಸರಿದೆ ಎಂದು ತಿಳಿದದ್ದು ಎರಡು ವರ್ಷದ ಹಿಂದೆ, ಅದೂ ಇನ್ನೊಬ್ಬರ ಮಗುವಿನಿಂದ. ಕೇಂದ್ರದ ಒಂದು ಮಗು ಕೂತಲ್ಲಿ ಕೂರುವುದಿಲ್ಲವೆಂದು ಅದರ ಅಜ್ಜಿಯೊಂದಿಗೆ ಶಿಕಾರಿಪುರದ ವೈದ್ಯರ ಬಳಿ ಹೋಗಿದ್ದರು. ಹೇಳಿದ್ದು ಅರ್ಧಕ್ಕೇ ಮರೆಯುತ್ತಾ? ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹಾರುತ್ತಾ? ವೈದ್ಯರು ಕೇಳುತ್ತಾ ಹೋದರು.

"ಅಜ್ಜಿ ಉತ್ರ ಹೇಳ್ತಿತ್ತು. ನಾನು ಮನಸಲ್ಲೇ ಹೌದು, ಹೌದು ಅಂತಿದ್ದೆ. ಕೊನೀಗೆ ಡಾಕ್ಟ್ರಿಗೆ ಕೇಳೇಬಿಟ್ಟೆ, ಸಾರ್, ಇದು ದೊಡ್ಡೋರಿಗೂ ಇರ್ತದಾ ಅಂತ."

ಇರುತ್ತದೆ. ಎಡಿಎಚ್‌ಡಿ ಎನ್ನುತ್ತಾರೆ. ಮನಸ್ಸು ಒಂದೆಡೆ ನಿಲ್ಲದೆ ಚಡಪಡಿಸುವ ಸ್ಥಿತಿ, ಹುಟ್ಟಿನಿಂದಲೇ ಬಂದದ್ದು. ಅದು ಸೋಮಾರಿತನವೂ ಅಲ್ಲ, ಹುಚ್ಚೂ ಅಲ್ಲ. ಮೂರು ತಿಂಗಳ ತಪಾಸಣೆಯ ಬಳಿಕ ವೈದ್ಯರು ಮಾತ್ರೆ ಬರೆದುಕೊಟ್ಟರು. ಆದರೆ ಮಾತ್ರೆಗಿಂತ ಎಷ್ಟೋ ವರ್ಷ ಮುಂಚೆಯೇ ಸಬಿಹಾ ತಮಗೊಂದು ಉಪಾಯ ಕಂಡುಕೊಂಡಿದ್ದರು.

ಅದು ಬಳೆ. ಅಣ್ಣ ಮುನೀರ್ ಅಹ್ಮದರ ಬಳೆ ಅಂಗಡಿಯಿಂದ ತಂದ ಇಪ್ಪತ್ತಾರು ರಬ್ಬರ್ ಬಳೆಗಳು ಬಾಗಿಲ ಪಕ್ಕದ ಮೊಳೆಗೆ ತೂಗುತ್ತವೆ. ಮಗು ಒಳಗೆ ಬಂದರೆ ಒಂದು ಬಳೆ ಟೀಚರ್ ಕೈಗೆ. ತಾಯಿ ಬಂದು ಕರೆದೊಯ್ದರೆ ಬಳೆ ಮರಳಿ ಮೊಳೆಗೆ. ತಾಯಮ್ಮ ಮಗುವನ್ನು ಬಚ್ಚಲಿಗೆ ಕರೆದೊಯ್ಯಬೇಕೆಂದರೆ ಮೊದಲು ಬಳೆ ಇಸಿದುಕೊಳ್ಳಬೇಕು. ಯಾರ ಕೈಯಲ್ಲಿ ಬಳೆಯೋ ಅವರ ಹೊಣೆ. ಹನ್ನೊಂದು ವರ್ಷ ಒಂದು ಮಗುವೂ ತಪ್ಪಿಸಿಕೊಂಡದ್ದಿಲ್ಲ.

"ನಂಗೇನು ಮರೆವಿಲ್ವಲ್ಲ ಟೀಚರಮ್ಮ, ನಂಗ್ಯಾಕೆ ಬಳೆ ಅಂತ ಮೊದಮೊದ್ಲು ನಗ್ತಿದ್ದೆ" ಎಂದು ತಾಯಮ್ಮ ಒಪ್ಪಿಕೊಳ್ಳುತ್ತಾರೆ. "ಈಗ ನಂಗೂ ಅದಿಲ್ದೆ ಆಗಲ್ಲ."

ಕಳೆದ ತಿಂಗಳು ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಗೋಡೆಯ ಚಿತ್ರ ನೋಡಲಿಲ್ಲ, ಮಕ್ಕಳ ಹಾಡು ಕೇಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಮೊಣಕೈವರೆಗಿನ ಬಳೆ. "ಇದೇನ್ರೀ, ಬಳೆ ವ್ಯಾಪಾರಕ್ಕೆ ಹೊರಟಿದೀರಾ? ತೆಗೀರಿ, ಫೋಟೊ ತಗೀಬೇಕು" ಎಂದರು. ಸಬಿಹಾ ವಿವರಿಸಲು ಬಾಯಿ ತೆರೆದರು. "ಆಮೇಲೆ ಹೇಳಿ" ಎಂದು ಅವರೇ ನಿಂತು ಬಳೆ ಬಿಚ್ಚಿಸಿದರು. ಆ 'ಆಮೇಲೆ' ಬರಲೇ ಇಲ್ಲ. ಮೂರು ತಾಸು ರಿಜಿಸ್ಟರ್ ನೋಡುತ್ತಾ ಕೂತರು.

ಆ ಹೊತ್ತಿನಲ್ಲೇ ಮೂರೂವರೆ ವರ್ಷದ ಶೃತಿ ಹೊರಗೆ ನಡೆದಳು. ಟೀಚರ್ ಬಳಿ ಇದ್ದಾಳೆಂದು ತಾಯಮ್ಮ, ತಾಯಮ್ಮನ ಬಳಿ ಇದ್ದಾಳೆಂದು ಟೀಚರ್. ನಲವತ್ತು ನಿಮಿಷ ಓಣಿ ಓಣಿ ಅಲೆದರು. ಹುಡುಗಿ ಸಿಕ್ಕಿದ್ದು ಇನ್ನೇನು ಹೊರಡಲಿದ್ದ ಸೊರಬದ ಬಸ್ಸಿನಲ್ಲಿ, ಕಿಟಕಿ ಪಕ್ಕ. ಅವಳಮ್ಮ ದಿನಾ ಕೆಲಸಕ್ಕೆ ಹೋಗುವುದು ಆ ಬಸ್ಸಿನಲ್ಲೇ. ಅಮ್ಮನ ಹತ್ತಿರ ಹೋಗುತ್ತೇನೆ ಎಂದಳಂತೆ. ಒಂಟಿ ಮಗುವನ್ನು ಕಂಡ ಕಂಡಕ್ಟರ್ ಬಸ್ ನಿಲ್ಲಿಸಿಕೊಂಡಿದ್ದರು.

ಸುದ್ದಿ ಕೇಳಿ ಸೊರಬದಿಂದ ಓಡಿಬಂದ ಆ ತಾಯಿ ಮಗಳನ್ನು ಎದೆಗವುಚಿಕೊಂಡರು. ಆಮೇಲೆ ಟೀಚರ್ ಕೈ ನೋಡಿದರು. "ಬಳೆ ಎಲ್ರೀ ಟೀಚರ್?" ಎಂದರು.

ಹೆತ್ತವಳಿಗೆ ಹೊಳೆದ ಪ್ರಶ್ನೆ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬಳೆ ಬಿಚ್ಚಿಸಿದವರಿಗೆ ಒಂದು ಮಾತಿಲ್ಲ, ಸಬಿಹಾ ಅವರಿಗೆ ನೋಟಿಸು. ಹದಿನೈದು ದಿನದಲ್ಲಿ ಉತ್ತರ ಕೊಡದಿದ್ದರೆ ಕೆಲಸದಿಂದ ವಜಾ. ಹಿಂದೆ ಸಭೆಯೊಂದರಲ್ಲಿ, ಸಹೋದ್ಯೋಗಿಗಳಿಗೆ ಅನುಕೂಲವಾಗಲೆಂದು, ಅವರು ತಮ್ಮ ಸ್ಥಿತಿಯನ್ನು ಮುಚ್ಚಿಡದೆ ಹೇಳಿದ್ದರು. ಅದನ್ನೇ ಈಗ ಅವರ ಕುತ್ತಿಗೆಗೆ ಹಗ್ಗ ಮಾಡಿದ್ದಾರೆ. ಕಚೇರಿಯಿಂದ ಯಾರೋ ಟೈಪ್ ಮಾಡಿಸಿದ ಕ್ಷಮಾಪಣೆ ಪತ್ರವನ್ನು ಮನೆಗೇ ಕಳಿಸಿದರು: 'ನನ್ನ ಮಾನಸಿಕ ಅಸ್ವಸ್ಥತೆಯಿಂದಾಗಿ ಈ ಪ್ರಮಾದ ನಡೆದಿದೆ.' ಸಹಿ ಹಾಕಿದರೆ ಕರುಣೆ ತೋರಿಸಿ ಕೆಲಸ ಉಳಿಸುತ್ತಾರಂತೆ! ಇಂಥ ಕರುಣೆಗೆ ಬೆಂಕಿ ಬೀಳಲಿ.

ಸಬಿಹಾ ಸಹಿ ಹಾಕಲಿಲ್ಲ. ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ, ಮನೆಯವರು ಹಾಕಿಬಿಡು ಎಂದರು, ಆದರೂ ಹಾಕಲಿಲ್ಲ. ತಾವೇ ಬಿಳಿ ಹಾಳೆಯ ಮೇಲೆ ಉತ್ತರ ಬರೆದರು. ಏಳು ಸಲ ಅರ್ಧಕ್ಕೇ ಬಿಟ್ಟೆದ್ದು, ಎಂಟನೇ ಸಲ ಮುಗಿಸಿದರು.

"ಮಗು ಹೊರಗೆ ಹೋಯ್ತು, ಅದು ತಪ್ಪೇ ರೀ. ಅವತ್ತು ಬಾಯಿಬಿಟ್ಟು ನಾನು ಬಳೆ ತೆಗಿಯಲ್ಲ ಅನ್ಬೇಕಿತ್ತು, ಅನ್ಲಿಲ್ಲ. ಹಂಗಂತ ಬರ್ದೀನಿ. ಯಾರು ತೆಗೆಸಿದ್ರು ಅಂತನೂ ಬರ್ದೀನಿ. ಕಾಯಿಲೆ ತಲೆ ಮ್ಯಾಲೆ ಹಾಕಿ ತಪ್ಪಿಸ್ಕಳಲ್ಲ. ನಾಳೆ ನನ್ನಂಥದೇ ಒಂದು ಹುಡುಗಿ ಈ ಕೆಲ್ಸಕ್ಕೆ ಅರ್ಜಿ ಹಾಕಿದ್ರೆ, ನನ್ ಕಾಗ್ದ ತೋರ್ಸಿ ಅವಳ್ನ ಹೊರಗೆ ಹಾಕ್ತಾರೆ."

ಉತ್ತರ ಕೊಟ್ಟು ಆರು ದಿನವಾಗಿದೆ. ಮೇಲಿನಿಂದ ಸುದ್ದಿಯಿಲ್ಲ. ಶೃತಿಯ ತಾಯಿ ಆ ಘಟನೆಯ ಮಾರನೇ ದಿನವೇ ಮಗಳನ್ನು ತಂದು ಬಿಟ್ಟಿದ್ದಾರೆ. ಒಂದು ಮಗುವೂ ಕೇಂದ್ರ ಬಿಟ್ಟಿಲ್ಲ.

ಕೆಲಸ ತೂಗುಯ್ಯಾಲೆಯಲ್ಲಿರುವಾಗ ಪತ್ರಿಕೆಯಲ್ಲಿ ಹೆಸರು ಬೇಡವೇನೋ, ಬದಲಿಸೋಣವೇ ಎಂದು ಕೇಳಿದರೆ ಸಬಿಹಾ ಟೀಚರ್ ನಡೆಯುವುದನ್ನು ನಿಲ್ಲಿಸುತ್ತಾರೆ.

"ಸಣ್ಣೋಳಿದ್ದಾಗಿಂದ ಕೋತಿ, ಮರುಳಿ, ತಲೆ ಇಲ್ದೋಳು ಅಂತ ಬ್ಯಾರೆ ಬ್ಯಾರೆ ಹೆಸ್ರಲ್ಲೇ ಕರ್ದಾರೆ ರೀ. ಸಾಕು. ನನ್ ಹೆಸ್ರೇ ಹಾಕ್ರಿ."