ನಡುಗಡಲಿನಲ್ಲಿ ಚರಗ

...ಅಥವಾ ಅದು ನಾಲ್ಕನೆಯ ದಿನವಲ್ಲ, ಐದನೆಯದಿರಬೇಕು. ಆ ಹಡಗಿನ ಲಿಫ್ಟಿನಲ್ಲಿ ಹಾಸಿದ ಚಾಪೆಯ ಮೇಲೆ ಆಯಾ ವಾರದ ಹೆಸರು ಇರುತ್ತಿತ್ತು, ದಿನಾ ಬದಲಿಸುತ್ತಿದ್ದರು. ಇವತ್ತು ಸೋಮವಾರವೋ ಮಂಗಳವಾರವೋ ಎಂಬುದು ನಮಗೆ ತಿಳಿಯುತ್ತಿದ್ದದ್ದು ಕಾಲ ಕೆಳಗೆ ನೋಡಿಕೊಂಡಾಗ. ಅಂದಿನ ಚಾಪೆ ನನಗೆ ನೆನಪಿಲ್ಲ. ಇದನ್ನು ಹಿಂದೆ ಇಬ್ಬರಿಗೆ ಹೇಳಿದ್ದೇನೆ, ಇಬ್ಬರಿಗೂ ಬೇರೆ ಬೇರೆ ವಾರ ಹೇಳಿದ್ದೇನೆ. ಮುಂದಿನದನ್ನೂ ಆ ಎಚ್ಚರದಲ್ಲೇ ಓದಿ.

ಮಸ್ಕಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಕಟ್ಟೆಯ ಮೇಲೆ ಕೂತವರು ಹಳ್ಳದ ಹತ್ತಿರ ಯಾರೋ ಕರೆದಂತಾಯಿತು ಎಂದರೆ, ಹೊಟ್ಟೆ ತುಂಬ ಉಂಡು ಮಲಗಿರಿ ಎಂದು ನಗುತ್ತಿದ್ದವನು ನಾನು. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಅಲ್ಲ.

ಮಾರಾಟ ಚೆನ್ನಾಗಿ ಮಾಡಿದ ಅಂಗಡಿಯವರನ್ನು ಒಂದು ಕಂಪನಿ ಸಿಂಗಪುರದಿಂದ ಹಡಗು ಹತ್ತಿಸಿ ವಾರ ಸುತ್ತಿಸಿತು. ಜೋಡಿಗೆ ಒಂದು ಕೋಣೆ. ನನ್ನ ಹೆಂಡತಿ ಮೊಣಕಾಲು ನೋವೆಂದು ಲಿಂಗಸುಗೂರಿನ ಮಗಳ ಮನೆಯಲ್ಲಿ ಉಳಿದಳು. ಕೋಣೆಗೆ ಕಿಟಕಿಯಿರಲಿಲ್ಲ, ದೀಪ ಆರಿಸಿದರೆ ಮಧ್ಯಾಹ್ನವೂ ಒಂದೇ, ರಾತ್ರಿಯೂ ಒಂದೇ. ಇಡೀ ಹಡಗೇ ಸಂಸಾರಸ್ಥರಿಗಾಗಿ ಕಟ್ಟಿದ್ದು. ಮೇಲೆ ಮಕ್ಕಳು ಜಾರುವ ನೀರಿನ ಕೊಳವೆಗಳು, ಗಾಲಿಕುರ್ಚಿಯ ಅಜ್ಜಿಯರು, ನಾಲ್ಕು ಆರು ಜನರ ಊಟದ ಮೇಜುಗಳು. ನಾನು ಕೂತೊಡನೆ ಬಡಿಸುವವನು ಬಂದು ಉಳಿದ ಮೂವರ ತಟ್ಟೆ, ಚಮಚಗಳನ್ನು ಸದ್ದಾಗದಂತೆ ಎತ್ತಿಕೊಂಡು ಹೋಗುತ್ತಿದ್ದ. ಬಹಳ ಮರ್ಯಾದೆಯಿಂದ, ಪ್ರತಿ ಊಟಕ್ಕೂ.

ಆ ದಿನ ಸಿಂಧನೂರಿನ ಅಂಗಡಿಯ ಶರಣಪ್ಪನ ಹೆಂಡತಿ ನನ್ನನ್ನು ತಮ್ಮ ಕೋಣೆಗೆ ಕರೆದಳು.

"ಅಣ್ಣಾರ, ಇವತ್ತ ಎಳ್ಳಮಾಸಿ. ಹೊಲಕ್ಕಂತೂ ಹೋಗಾಕ ಆಗಂಗಿಲ್ಲ, ಉಣ್ಣಾಕರ ಬರ್ರಿ."

ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹಿಂಡಿ, ಎಲ್ಲವೂ ಸೀರೆಗಳ ನಡುವಿನಿಂದ ಹೊರಬಂದವು.

"ಚೀಲ ನೋಡೋ ಮಷೀನಿನವ ಈ ರೊಟ್ಟಿನ ತಾಟು ಅಂತ ತಿಳ್ಕೊಂಡಾನ ನೋಡ್ರಿ," ಎಂದ ಶರಣಪ್ಪ.

"ನೀವೂ ಮದಿವ್ಯಾದ ಹೊಸದಾಗ ಹಂಗ ಅಂದಿದ್ರಿ," ಎಂದಳು ಆಕೆ.

ಇಬ್ಬರೂ ನಕ್ಕರು. ನಾನೂ ನಕ್ಕೆ. ಒಂದು ಹೋಳಿಗೆಯನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದೆ.

ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದಕ್ಕೆ ನಮ್ಮಲ್ಲಿ ಇಬ್ಬರು ಬೇಕು. ಮುಂದಿನವನು ಭೂಮಿಗೆ ಅನ್ನ ಎರಚುತ್ತ 'ಹುಲ್ಲುಲ್ಲಿಗೋ' ಎನ್ನುತ್ತಾನೆ. ತಂಬಿಗೆಯಿಂದ ನೀರು ಹಾಕುತ್ತ ಹಿಂದೆ ಬರುವವನು 'ಚೆಲ್ಲಂಬರಿಗೋ' ಎಂದು ಓಗೊಡುತ್ತಾನೆ. ಪಾಮನಕಲ್ಲೂರಿನ ಹೊಲದಲ್ಲಿ ಮುಂದೆ ನಾನು, ಹಿಂದೆ ತಮ್ಮ ಅಮರೇಶ. ಹಡಗು ಹತ್ತುವುದಕ್ಕೆ ಆರು ವರ್ಷ ಮೊದಲು ನನ್ನ ಪಾಲಿನ ಹೊಲವನ್ನು ಅವನಿಗೆ ತಿಳಿಸದೆ ಬೇರೆಯವರಿಗೆ ಮಾರಿದೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಒಂದು ಮಾತು ಕೇಳಬೇಕಿತ್ತಲ್ಲಣ್ಣ," ಎಂದವನು ಮತ್ತೆ ಬರಲಿಲ್ಲ. ನಾನೂ ಹೋಗಲಿಲ್ಲ.

ಹಡಗಿನ ಹಿಂಭಾಗದ ಕೆಳ ಅಂತಸ್ತಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಯಾರೂ ಇರಲಿಲ್ಲ. ಸಮುದ್ರಕ್ಕೆ ಏನನ್ನೂ ಎಸೆಯಬಾರದೆಂಬ ಫಲಕವಿತ್ತು. ಕಳ್ಳನಂತೆ ಅತ್ತ ಇತ್ತ ನೋಡಿ ಹೋಳಿಗೆಯ ಒಂದು ಚೂರನ್ನು ಪುಡಿಮಾಡಿ ಚೆಲ್ಲಿದೆ. ಬಾಯೊಳಗೇ ಎರಡು ಸಲ 'ಹುಲ್ಲುಲ್ಲಿಗೋ' ಎಂದೆ. ಮೂರನೆಯ ಸಲ ದನಿ ತಾನಾಗಿ ಎದ್ದಿತು.

'ಚೆಲ್ಲಂಬರಿಗೋ' ಎಂಬ ಓಗೊಡು ಬಂತು.

ಸಮುದ್ರದ ಕಡೆಯಿಂದಲ್ಲ, ನನ್ನ ಹಿಂದಿನಿಂದ. ಹೊಲದಲ್ಲಿ ಅಮರೇಶ ಯಾವಾಗಲೂ ಬಿಡುತ್ತಿದ್ದ ನಾಲ್ಕು ಸಾಲಿನಷ್ಟು ದೂರದಿಂದ, ಕೊನೆಯ ಅಕ್ಷರವನ್ನು ಅವನಂತೆಯೇ ಎಳೆದು. ಚರಗ ಚೆಲ್ಲುವವನು ಹಿಂದೆ ನೋಡಬಾರದೆಂಬುದು ನಮ್ಮ ಮನೆಯ ರೂಢಿ. ಹಾಗಾಗಿ ತಡವಾಗಿ ತಿರುಗಿದೆ. ಮಡಚಿಟ್ಟ ಕುರ್ಚಿಗಳಿದ್ದವು. ನೆಲ ಒದ್ದೆಯಾಗಿತ್ತು, ಹಡಗಿನ ನೆಲ ಸದಾ ಒದ್ದೆಯೇ. ಆ ದನಿ ನನ್ನ ನೆನಪಿನಿಂದಲೇ ಬಂದಿರಬಹುದು. ಹಾಗೆಂದುಕೊಂಡು ಕೋಣೆಗೆ ಹೋಗಿ ಮಲಗಿದೆ.

ಮರುದಿನ ದಂಡೆ ಸಿಕ್ಕಾಗ ಫೋನಿಗೆ ಜೀವ ಬಂತು. ತಮ್ಮನ ಮನೆಗೆ ಮಾಡಿದೆ. ಎತ್ತಿದ್ದು ಅವನ ಹೆಂಡತಿ.

"ಬಾವಾರೇನ್ರಿ? ಆರು ವರ್ಷಕ್ಕ ನೆನಪಾತೇನ್ರಿ?"

ನಿನ್ನೆ ಚರಗ ಚೆಲ್ಲಿದಿರಾ ಎಂದು ಕೇಳಿದೆ.

"ಮಗ ಮುಂದ ಹೋದ. ಇವರು ತಂಬಿಗಿ ಹಿಡ್ಕೊಂಡು ಹಿಂದ ಹೋದ್ರು."

"ಅಮರೇಶ ಕೂಗಿದನೇನು?"

"ನಿಮಗ ಯಾರೂ ಹೇಳಿಲ್ಲೇನ್ರಿ? ದೀಪಾವಳಿ ಮುಂದ ಗಂಟಲ ಆಪರೇಷನ್ ಆಗ್ಯಾದ. ದನಿ ಪೂರಾ ಹೋಗ್ಯಾದ. ನಿನ್ನಿ ಬಾಯಿ ಆಡಿಸಿಕೋಂತ ಹೊಲ ಸುತ್ತಿದ್ರು. ನೋಡಾಕ ಆಗಲಿಲ್ಲ ನನಗ."

ಅವನಿಗೆ ಕೊಡು ಎಂದೆ. ಉಸಿರು ಕೇಳಿಸಿತು. "ಅಮರೇಶಾ, ಬರ್ತೀನಿ," ಎಂದೆ. ಉಗುರಿನಿಂದ ಫೋನಿಗೆ ಎರಡು ಸಲ ಬಡಿದ ಸದ್ದಾಯಿತು.

ಲೆಕ್ಕ ಹಾಕಿದ್ದು ಬಹಳ ತಡವಾಗಿ. ಹಡಗಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದಿತ್ತು. ನಾನು ಕೂಗಿದ ಹೊತ್ತಿಗೆ ಅವರು ಇನ್ನೂ ಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಿರಬೇಕು. ಆದ್ದರಿಂದ ಅವನು ಬಾಯಿ ಆಡಿಸಿದ್ದನ್ನೂ ನನಗೆ ಕೇಳಿಸಿದ್ದನ್ನೂ ಜೋಡಿಸಿ ಒಂದು ಕಥೆ ಮಾಡಲು ಬರುವುದಿಲ್ಲ. ಮಾಡುವ ಆಸೆಯಂತೂ ಇದೆ.

ಊರಿಗೆ ಬಂದವನು ಪಾಮನಕಲ್ಲೂರಿಗೆ ಹೋದೆ, ಆಮೇಲೂ ಹೋಗುತ್ತಿದ್ದೇನೆ. ಅವನು ಪಾಟಿಯ ಮೇಲೆ ಬಳಪದಿಂದ ಬರೆದು ತೊಗರಿಯ ಸುದ್ದಿ ಹೇಳುತ್ತಾನೆ. ಆ ಎರಡು ಬಡಿತ ಬಾ ಎಂದೋ ಬೇಡ ಎಂದೋ ಕೇಳಿಲ್ಲ. ಹಡಗಿನ ಸಂಗತಿಯನ್ನೂ ಹೇಳಿಲ್ಲ. ಈ ವರ್ಷದ ಎಳ್ಳಮಾವಾಸ್ಯೆಗೆ ಅವನ ಮಗ ಚರಗದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟ. ಮುಂದೆ ಹೋದೆ, ಕೂಗಿದೆ, ತಿರುಗಿ ನೋಡಲಿಲ್ಲ. ಹಿಂದಿನಿಂದ ಮಣ್ಣಿಗೆ ನೀರು ಬೀಳುವ ಸದ್ದು ಮಾತ್ರ ಬರುತ್ತಿತ್ತು.

ಅಂದು ಸಮುದ್ರದಲ್ಲಿ ನನಗೆ ಓಗೊಟ್ಟವರು ಯಾರು, ನನಗೆ ಗೊತ್ತಿಲ್ಲ.