ಮೂಗು ಹಿಡಿಯುವ ಲೆಕ್ಕ

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ರಾರಾವಿ ಕಡೆಯ ನಮ್ಮೂರ ಸಾಲೆಯಲ್ಲಿ ಊರ ಮಕ್ಕಳು ಒಳಗೆ, ಮಾದಿಗರ ಕೇರಿಯ ನಾವಿಬ್ಬರು ಹೊರಗೆ ಜಗಲಿಯ ಮೇಲೆ. ನಾನು, ನನ್ನ ದೊಡ್ಡಪ್ಪನ ಮಗಳು ಹನುಮಕ್ಕ. ಕಿಟಕಿಯಿಂದ ಬಂದಷ್ಟು ಮಗ್ಗಿ ಕಲಿತೆವು. ಹನುಮಕ್ಕ ನನಗಿಂತ ಚುರುಕು.

ಆಗಿನ ಸಾಲೆಗಳ ರೂಢಿ ನಿಮಗೂ ನೆನಪಿರಬಹುದು. ಲೆಕ್ಕಕ್ಕೆ ಸರಿ ಉತ್ತರ ಹೇಳಿದವನು ತಪ್ಪಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ನಮ್ಮನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ.

ಸೀತನಿ ಸುಡುವ ದಿನಗಳಲ್ಲಿ ಬಳ್ಳಾರಿಯಿಂದ ಹೊಸ ಮೇಷ್ಟ್ರು ಬಂದರು. ನಮ್ಮನ್ನು ಒಳಗೆ ಕರೆದು ಎಲ್ಲರ ಸಾಲಿನಲ್ಲಿ ಕೂಡಿಸಿದರು. ಹೊಲದ ಕಡೆಯಿಂದ ಹಸಿ ಜೋಳದ ತೆನೆ ಸುಟ್ಟ ವಾಸನೆ ಬರುತ್ತಿತ್ತು. ಅವರು ಕೇಳಿದ ಬಾಯಿಲೆಕ್ಕಕ್ಕೆ ಊರ ಮಕ್ಕಳೆಲ್ಲ ಒಬ್ಬೊಬ್ಬರಾಗಿ ತಪ್ಪಿ ಎದ್ದು ನಿಂತರು. ಹನುಮಕ್ಕ ನನ್ನ ತೊಡೆ ಚಿವುಟಿದಳು.

"ಗೊತ್ತಿದ್ರೂ ಹೇಳಬ್ಯಾಡಲೇ."

ಹೇಳಿಬಿಟ್ಟೆ.

"ಭಲೇ! ಏಳು, ಹಿಡಿ ಮೂಗು," ಎಂದರು ಮೇಷ್ಟ್ರು.

ಮೊದಲು ನಿಂತಿದ್ದವನು ಗೌಡರ ಮಗ ಬಸವ. ಅವನೇ ನಕ್ಕು ಮುಖ ಮುಂದೆ ಮಾಡಿದ. "ಹಿಡಿಯಲೇ. ಹಲ್ಲು ಉದುರಿಸಬ್ಯಾಡ ಮತ್ತ!"

ಹಿಡಿದೆ. ಹೊಡೆದೆ. ನಗಲು ಹೋದ ಹುಡುಗರು ಬಾಗಿಲ ಕಡೆ ನೋಡಿ ಸುಮ್ಮನಾದರು. ಬಸವನನ್ನು ಕರೆದೊಯ್ಯಲು ಬಂದ ಗೌಡರ ಆಳು ಅಲ್ಲಿ ನಿಂತಿದ್ದ.

ಸಂಜೆ ಗೌಡರೇ ನಮ್ಮ ಕೇರಿಯ ಅಂಚಿಗೆ ಬಂದರು. ಎಂದೂ ಬಂದವರಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ದುರುಗ್ಯಾ, ನಿನ್ನ ಮಗ ಭಾಳ ಶಾಣ್ಯಾ ಅದಾನಂತಲ್ಲೋ?"

"ಸಣ್ಣಾವ್ರಿ ಧಣಿ. ತಪ್ಪಾತ್ರಿ," ಎಂದ ಅಪ್ಪ.

"ತಪ್ಪ್ಯಾಕೋ? ಕೈ ಚಲೋ ಓಡ್ತಾವಂತ." ಗೌಡರ ದನಿ ಮೆತ್ತಗೇ ಇತ್ತು. "ನಾಳಿಂದ ನಮ್ಮ ದನ ಕಾಯಾಕ ಕಳಸು. ಕಳಸ್ತಿ ಅಲ್ಲೇನು?"

"ಕಳಸ್ತೀನ್ರಿ."

ಅವರು ಮರೆಯಾದದ್ದೇ ಅಪ್ಪ ನನ್ನ ಅಂಗಿ, ಪಾಟಿ ಗಂಟು ಕಟ್ಟಿದ. "ಸಿರುಗುಪ್ಪದಾಗ ನಿಮ್ಮತ್ತಿ ಮನಿ ಐತಿ. ಅಲ್ಲೇ ಸಾಲಿ ಕಲಿ. ಹೊಳ್ಳಿ ಬರಬ್ಯಾಡ."

ಹನುಮಕ್ಕ ಓಡಿ ಬಂದಳು. "ಕಾಕಾ, ನಾನೂ ಹೋಗ್ತೀನಿ."

ಅಪ್ಪ ಅವಳ ಮುಖ ನೋಡಲಿಲ್ಲ.

ಮೇಷ್ಟ್ರಿಗೆ ಬೇಗನೇ ವರ್ಗವಾಯಿತಂತೆ. ಮೂಗು ಹಿಡಿಯುವ ರೂಢಿಯನ್ನೇ ನಮ್ಮೂರ ಸಾಲೆಯಲ್ಲಿ ಬಿಟ್ಟರಂತೆ. ಗೌಡರಿಗೆ ಕೊಟ್ಟ ಮಾತು ಮಾತ್ರ ಹಾಗೇ ಉಳಿದಿತ್ತು. ನನ್ನ ಬದಲು ಹನುಮಕ್ಕ ದನ ಕಾಯಲು ಹೋದಳು. ಮತ್ತೆ ಪಾಟಿ ಹಿಡಿಯಲಿಲ್ಲ.

ನಾನು ಕಂಡವರ ಮನೆಯಲ್ಲಿ ಕೂಲಿ ಮಾಡುತ್ತ ಓದಿ ಬಿ.ಎ. ಪಾಸಾದೆ. ನಮ್ಮ ಕೇರಿಗೇ ಮೊದಲಿಗ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಆದರೆ ನ್ಯಾಯವಾಗಿ ನಾನು ಎರಡನೆಯವನಾಗಬೇಕಿತ್ತು. ಹನುಮಕ್ಕ ನನಗಿಂತ ಒಂದು ವರ್ಷ ದೊಡ್ಡವಳು.