ರಾಣಿಕಲ್ಲಿನ ಮೂಲ

ಸರ್ ಅವರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಚಿಕ್ಕವರಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತಂತೆ. ಮೊಬೈಲ್ ಪರದೆಯನ್ನು ನಡುಬೆರಳಿನಿಂದ, ಅನ್ನ ಬೆಂದಿದೆಯೇ ಎಂದು ನೋಡುವವರ ಹಾಗೆ ಒತ್ತುತ್ತಿದ್ದರು. ಹಳಿಯಾಳದ ಕಾಲೇಜಿನಲ್ಲಿ ನಮಗೆ ಇತಿಹಾಸ ಕಲಿಸಿದವರು. ಏನು ಹೇಳಿದರೂ, "ಯಾರು ಬರದಾರ? ಯಾವಾಗ ಬರದಾರ? ಅವರಿಗೆ ಹೆಂಗ ಗೊತ್ತಾತು?" ಎಂದು ಬೆನ್ನು ಹತ್ತುತ್ತಿದ್ದರು. ಹುಟ್ಟಿದ ದಿನ ಹೇಳಿದರೂ ದಾಖಲೆ ಕೇಳುವ ಮನುಷ್ಯ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಎಂ.ಎ. ಕೊನೆಯ ವರ್ಷ. ಪ್ರಬಂಧ ಒಪ್ಪಿಸಲು ಅಂದು ಸಂಜೆ ಐದು ಗಂಟೆಯೇ ಗಡುವು. ಸರ್ ಸಹಿ ಹಾಕದಿದ್ದರೆ ನನ್ನ ಒಂದು ವರ್ಷ ನೀರುಪಾಲು. ಜೋಯಿಡಾ ಕಾಡಿನ ಸ್ಥಳಗಳ ಬಗ್ಗೆ ಬರೆದಿದ್ದೆ. ಶತ್ರುಗಳಿಂದ ತಪ್ಪಿಸಿಕೊಂಡ ರಾಣಿಯೊಬ್ಬಳು ಅಡಗಿದ್ದ ರಾಣಿಕಲ್ಲು ಎಂಬ ಬಂಡೆಗೇ ಒಂದು ಅಧ್ಯಾಯ. ಆಧಾರ, ನಾಲ್ಕು ಜಾಲತಾಣಗಳು.

ಈಗಲೇ ಹೇಳಿಬಿಡುತ್ತೇನೆ. ಆ ರಾಣಿಯನ್ನು ಹುಟ್ಟಿಸಿದವಳು ನಾನೇ. ಅದಕ್ಕೂ ಮೂರು ವರ್ಷ ಮೊದಲು ರಜೆಯಲ್ಲಿ ಅಲ್ಲಿನ ಹೋಂಸ್ಟೇಯೊಂದರ ಜಾಲತಾಣಕ್ಕೆ ಬರೆದುಕೊಟ್ಟಿದ್ದೆ. ಪ್ರವಾಸಿಗಳಿಗೆ ನೋಡಲು ಏನಾದರೂ ಇರಲಿ ಎಂದು ಮಾಲೀಕರು ಅಂದಿದ್ದಕ್ಕೆ ಬರಿಯ ಕಲ್ಲಿನ ಮೇಲೆ ರಾಣಿಯನ್ನು ಕೂರಿಸಿದೆ. ಆಮೇಲೆ ಅದೇ ಕತೆ ನಾಲ್ಕು ಕಡೆ ಕಂಡಾಗ, ನಾನು ಸುಮ್ಮನೆ ಬರೆದದ್ದು ಹೇಗೋ ನಿಜವೇ ಇದ್ದಿರಬೇಕು ಎಂದುಕೊಂಡೆ. ಅಷ್ಟು ಪೆದ್ದಿ, ಅಷ್ಟು ಆಸೆಬುರುಕಿ.

ಮೂರು ಗಂಟೆಗೆ ಸರ್ ನಾಲ್ಕೂ ತಾಣ ತೆರೆದು ದಿನಾಂಕಗಳನ್ನು ಹಾಳೆಯ ಮೇಲೆ ಬರೆದುಕೊಂಡರು.

"ನಾಲ್ಕರಾಗೂ ರಾಣಿ ಏಳು ಹಗಲು ಏಳು ರಾತ್ರಿ ಅಡಗಿದ್ಳು ಅಂತ ಐತಿ. ಬ್ಯಾರೆ ಬ್ಯಾರೆ ಕಡೆ ಕೇಳಿ ಬರದಿದ್ರ ಒಬ್ಬರರೆ ಆರು ಅಂತಿದ್ರು. ಇವು ನಾಲ್ಕು ಸಾಕ್ಷಿ ಅಲ್ಲ, ಒಂದ."

ಒಂದು ಪುಟದ ಅಡಿಯಲ್ಲಿ ಹೋಂಸ್ಟೇಯ ಕೊಂಡಿ ಇತ್ತು. ಅದನ್ನೂ ತೆರೆದರು.

"ಇದ ಎಲ್ಲಾಕ್ಕಿಂತ ಹಳೇದು. ಬರದವರ ಹೆಸರಿಲ್ಲ. ಫೋನ್ ಮಾಡಿ ಕೇಳೂಣು."

ಕೆಳಗಿದ್ದ ನಂಬರನ್ನು ಒತ್ತಿಯೇಬಿಟ್ಟರು. ರಿಂಗ್ ಆಗತೊಡಗಿತು. ಮಾಲೀಕರು ಎತ್ತಿದರೆ ನನ್ನ ಹೆಸರು ಹೇಳುವುದು ಖಂಡಿತ.

"ಇಡ್ರಿ ಸರ್," ಎಂದೆ. "ಬರದಾಕಿ ನಾನ."

ಸರ್ ಫೋನ್ ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಗಡಿಯಾರ ನೋಡಿದರು.

"ಇನ್ನ ಎರಡು ತಾಸು ಐತಿ. ಅಧ್ಯಾಯ ತಗೀಬ್ಯಾಡ. ನೀ ಯಾಕ ಬರದಿ, ಯಾರು ಯಾವಾಗ ಎತ್ಕೊಂಡ್ರು, ಎಲ್ಲಾ ಬರಿ. ಮೂಲ ಅನ್ನೂ ಕಡೆ ನಿನ್ನ ಹೆಸರ ಹಾಕು."

"ಫೇಲ್ ಮಾಡಿದ್ರ ಹೆಂಗರಿ?"

"ಮಾಡಿದ್ರ ಮಾಡ್ಲಿ. ನಾ ಸಹಿ ಮಾಡ್ತೇನಿ."

ಅಲ್ಲೇ ಕುಳಿತು ಬರೆದೆ. ಅವರು ಎದುರಿಗೇ ಕುಳಿತು ಒಂದೊಂದು ಹಾಳೆಯನ್ನೂ ಓದಿದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಸಹಿ ಬಿತ್ತು. ಪಾಸಾದೆ, ಅಂಕ ಹೇಳಿಕೊಳ್ಳುವಂತಿರಲಿಲ್ಲ. ಆದರೆ ಅಂದು ಅವರು ನನ್ನನ್ನು ಉಳಿಸಿದರು.

ಸರ್ ತೀರಿಕೊಂಡು ಎರಡು ವರ್ಷವಾಯಿತು. ನಾನೀಗ ಮುಂಡಗೋಡದಲ್ಲಿ ಶಿಕ್ಷಕಿ. ಹೋಂಸ್ಟೇಯವರು ಕತೆ ತೆಗೆದರು. ಉಳಿದ ತಾಣಗಳವರಿಗೆ ಇವತ್ತಿಗೂ ಬರೆಯುತ್ತಲೇ ಇದ್ದೇನೆ. ಕಳೆದ ತಿಂಗಳು ಉಳವಿಗೆ ಹೋಗುವಾಗ ಆ ಬಂಡೆಯ ಹತ್ತಿರ ಇಳಿದೆ. ಅದಕ್ಕೆ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟಿದ್ದರು. ಹೆಣ್ಣುಮಗಳೊಬ್ಬಳು ಉಡಿ ತುಂಬುತ್ತಿದ್ದಳು.

"ರಾಣಿ ಕತಿ ಸುಳ್ಳರಿ. ನಾನ ಬರದದ್ದು," ಎಂದೆ.

ಆಕೆ ತಲೆಯೆತ್ತಲಿಲ್ಲ. "ಹಂಗ ಅನಬಾರದವಾ. ಮಗಳಿಗೆ ಆರಾಮ ಆಗಲಿ ಅಂತ ಹರಕಿ ಹೊತ್ತೇನಿ."

ನಾನು ರಸ್ತೆಗೆ ಮರಳಿದೆ. ಇನ್ನೊಮ್ಮೆ ಹೇಳಬೇಕಿತ್ತೋ, ಬಿಡಬೇಕಿತ್ತೋ. ಕೇಳೋಣವೆಂದರೆ ಸರ್ ಇಲ್ಲ.